ಹಾಯಿಹಡಗಿನ ಕಾದಂಬರಿಗಳು



ವಿಜಯಪುರದಿಂದ ಸಮುದ್ರಕ್ಕೆ ಹಕ್ಕಿ ಹಾರಿದಂತೆ ನೇರವಾಗಿ ಅಳೆದರೂ ಸುಮಾರು ೨೫೦ ಕಿಲೋಮೀಟರು ದೂರ. ನಡುವೆ ಸಹ್ಯಾದ್ರಿ ಅಡ್ಡವಾಗಿದೆ. ನಮ್ಮ ಸೀಮೆಯ ಹೊಳೆಗೆ ಡೋಣಿ ಎಂಬ ಹೆಸರೇನೋ ಉಂಟು. ಆದರೆ ವರ್ಷದ ಬಹುಭಾಗ ಅದರಲ್ಲಿ ದೋಣಿ ತೇಲುವಷ್ಟು ನೀರಿರುವುದಿಲ್ಲ. ಸಮುದ್ರಕ್ಕೂ ಅದಕ್ಕೂ ಇರುವ ಹೋಲಿಕೆ ಒಂದೇ: ನೀರು ಉಪ್ಪು. ಇಂಥ ಊರಿನ ಕಾಲೇಜೊಂದರಲ್ಲಿ ಇಂಗ್ಲಿಷು ಪಾಠ ಹೇಳಿಕೊಂಡಿರುವ ನಾನು ಹಾಯಿಹಡಗಿನ ಕಾದಂಬರಿಗಳನ್ನು ಕುರಿತು ಮಾತನಾಡುವೆನೆಂದಾಗ ಮಿತ್ರರೊಬ್ಬರು, ಒಂಟೆಯ ಮೇಲೆ ಕುಳಿತು ಈಜು ಕಲಿಸಲು ಹೊರಟಿರಾ ಎಂದು ನಕ್ಕರು. ನಗಲಿ. ತಿಕೋಟಾದಿಂದಲೂ ಬಬಲೇಶ್ವರದಿಂದಲೂ ಬಸ್ಸು ಹಿಡಿದು ಬರುವ, ಕಡಲನ್ನು ಒಮ್ಮೆಯೂ ಕಾಣದ ವಿದ್ಯಾರ್ಥಿಗಳ ಮುಂದೆ ಈ ಪುಸ್ತಕಗಳನ್ನು ಅನೇಕ ವರ್ಷ ಓದಿ ಹೇಳಿದ್ದೇನೆ. ಅವರಿಗೆ ಅರ್ಥವಾಗುವುದು ಎಲ್ಲಿ, ಆಗದಿರುವುದು ಎಲ್ಲಿ ಎಂಬುದನ್ನು ನೋಡುತ್ತ ನೋಡುತ್ತ ನನಗೇ ಆ ಪುಸ್ತಕಗಳು ಬೇರೆಯಾಗಿ ಕಾಣತೊಡಗಿದವು. ಅದನ್ನು ತಮ್ಮ ಮುಂದೆ ಇಡಬೇಕೆಂಬುದೇ ಈ ಭಾಷಣದ ಉದ್ದೇಶ.

ಮೊದಲಿಗೆ ಒಂದು ಮಾತು. ಈ ಊರು ಸಮುದ್ರವನ್ನು ಅರಿಯದ ಊರೇನೂ ಅಲ್ಲ. ಆದಿಲಶಾಹಿ ರಾಜ್ಯವನ್ನು ಕಟ್ಟಿದ ಯೂಸುಫ್ ಆದಿಲಖಾನನು ಪರ್ಷಿಯದ ಕಡೆಯಿಂದ ಹಡಗಿನಲ್ಲಿ ಬಂದು ಕೊಂಕಣದ ದಾಭೋಳದಲ್ಲಿ ಇಳಿದನೆಂದು, ಇದೇ ವಿಜಯಪುರದ ಆಸ್ಥಾನದಲ್ಲಿದ್ದು ಚರಿತ್ರೆ ಬರೆದ ಫೆರಿಷ್ತಾ ಹೇಳುತ್ತಾನೆ. ಆ ವಂಶವೃತ್ತಾಂತದಲ್ಲಿ ಕಟ್ಟುಕಥೆ ಎಷ್ಟು ಬೆರೆತಿದೆಯೋ, ಅದನ್ನು ಚರಿತ್ರಕಾರರು ವಾದಿಸಿಕೊಳ್ಳಲಿ, ದಾಭೋಳವಂತೂ ಕಟ್ಟುಕಥೆಯಲ್ಲ. ಗೋವೆ, ದಾಭೋಳ, ರಾಜಾಪುರ, ವೆಂಗುರ್ಲೆ, ಕಾರವಾರ, ಇವೆಲ್ಲ ಒಂದಲ್ಲ ಒಂದು ಕಾಲದಲ್ಲಿ ವಿಜಯಪುರದ ಅರಸರ ಬಂದರುಗಳಾಗಿದ್ದವು. ಅರಬಸ್ತಾನದ ಕುದುರೆ ಆ ದಾರಿಯಾಗಿ ಬರುತ್ತಿತ್ತು; ಮಕ್ಕೆಯ ಯಾತ್ರಿಕರು ಆ ದಾರಿಯಾಗಿ ಹೋಗುತ್ತಿದ್ದರು. ೧೫೦೮ರ ಕೊನೆಯಲ್ಲಿ ಪೋರ್ತುಗೀಸರ ವೈಸರಾಯಿ ಅಲ್ಮೇಡನು ದಾಭೋಳವನ್ನು ಸುಟ್ಟು ಸೂರೆಮಾಡಿದನು. ೧೫೧೦ರ ನವೆಂಬರ್ ೨೫ರಂದು ಆಲ್ಬುಕರ್ಕನು ಗೋವೆಯನ್ನು ಎರಡನೆಯ ಸಲ ಹಿಡಿದನು. ಅದು ಮತ್ತೆ ವಿಜಯಪುರಕ್ಕೆ ದಕ್ಕಲಿಲ್ಲ. ಅಲ್ಲಿಂದಾಚೆಗೆ, ನೆಲದ ಮೇಲೆ ಲಕ್ಷ ಸೈನ್ಯವನ್ನು ನಡೆಸಬಲ್ಲ ಅರಸನೂ ತನ್ನ ಹಡಗು ಸುರಕ್ಷಿತವಾಗಿ ಸಾಗಬೇಕಾದರೆ ಪೋರ್ತುಗೀಸರಿಂದ ರಹದಾರಿ ಚೀಟಿ ಪಡೆಯಬೇಕಾಯಿತು.

ಇಷ್ಟೆಲ್ಲ ಚರಿತ್ರೆಯಲ್ಲಿದೆ. ಅಲ್ಲಿ ಸುಲ್ತಾನರ, ಸರದಾರರ, ವೈಸರಾಯರ ಹೆಸರು ಸಿಗುತ್ತವೆ. ಆ ಹಡಗುಗಳ ಹಗ್ಗ ಎಳೆದವನ ಹೆಸರು, ಚುಕ್ಕಾಣಿ ಹಿಡಿದವನ ಹೆಸರು ಸಿಗುವುದು ಅಪೂರ್ವ. ಈ ಪ್ರಶ್ನೆಯನ್ನು, ಎಂದರೆ ಚುಕ್ಕಾಣಿ ಹಿಡಿದವನು ಯಾರು ಎಂಬುದನ್ನು, ಮನಸ್ಸಿನಲ್ಲಿಟ್ಟುಕೊಂಡು ಕಾದಂಬರಿಗಳಿಗೆ ಬರೋಣ.

ಹಾಯಿಹಡಗಿನ ಕಾದಂಬರಿಯೆಂದೊಡನೆ ಬಯಲುಸೀಮೆಯ ಓದುಗನು ಎರಡು ಕಾರಣಕ್ಕೆ ಹಿಂಜರಿಯುತ್ತಾನೆ. ಒಂದು, ತಾನು ಕಡಲನ್ನು ಕಂಡಿಲ್ಲವೆಂಬುದು. ಇನ್ನೊಂದು, ಆ ಪುಸ್ತಕಗಳಲ್ಲಿ ತುಂಬಿರುವ ಹಗ್ಗ, ಕೂವೆ, ಪಟಗಳ ಪರಿಭಾಷೆ. ಮೊದಲನೆಯದು ದೊಡ್ಡ ತೊಡಕಲ್ಲ. ಈ ಕಾದಂಬರಿಗಳಲ್ಲಿ ನೀರಿಗಿಂತ ಗಾಳಿ ಮುಖ್ಯ. ಗಾಳಿಯನ್ನು ನಮ್ಮ ಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಂತ್ರ ಬರುವ ಮೊದಲು ಜೋಳದ ರಾಶಿ ಮಾಡುವಾಗ ಕಣದಲ್ಲಿ ಬುಟ್ಟಿ ಎತ್ತಿ ನಿಂತು ಗಾಳಿಗಾಗಿ ಕಾದವರ ಮೊಮ್ಮಕ್ಕಳು ಇವರು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಹಡಗಿನವನದೂ ಹೌದು. ಗಾಳಿ ಬೀಳದಿದ್ದರೆ ಕಣದವನೂ ಕೂಡುತ್ತಾನೆ, ಹಡಗಿನವನೂ ಕೂಡುತ್ತಾನೆ. ನಡುರಾತ್ರಿ ಬಿದ್ದರೆ ಇಬ್ಬರೂ ನಿದ್ದೆಗೆಟ್ಟು ಏಳಬೇಕು. ಇಂದಿಗೂ ತಿಕೋಟಾದ ಕಡೆ ದ್ರಾಕ್ಷಿಯನ್ನು ಚಪ್ಪರದ ನೆರಳಲ್ಲಿ ಹರಡಿ ಒಣಗಿಸುವವರು ಗಾಳಿಯ ದಿಕ್ಕು ನೋಡಿಯೇ ಕೆಲಸ ಮಾಡುತ್ತಾರೆ.

ಇನ್ನೂ ಒಂದು ಸಂಗತಿಯುಂಟು. ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮ ಎರೆಹೊಲಗಳ ಮೇಲೆ ಪಶ್ಚಿಮದಿಂದ ಎಡೆಬಿಡದೆ ಬೀಸುತ್ತದಲ್ಲ, ಆ ಗಾಳಿ ಕಡಲಿನ ಗಾಳಿಯೇ. ಆಫ್ರಿಕದ, ಅರಬಸ್ತಾನದ ಹಡಗುಗಳನ್ನು ಶತಮಾನಗಳ ಕಾಲ ನಮ್ಮ ಕರಾವಳಿಗೆ ದೂಡಿಕೊಂಡು ಬಂದದ್ದು ಅದೇ. ಅದು ಉಗ್ರವಾದಾಗ ಪಶ್ಚಿಮದ ಬಂದರುಗಳನ್ನು ಮುಚ್ಚಿಸಿ ಹಡಗುಗಳನ್ನು ದಡಕ್ಕೆಳೆಸಿದ್ದೂ ಅದೇ. ತನ್ನ ನೀರನ್ನೆಲ್ಲ ಕಾರವಾರದ ಮೇಲೆ, ಘಟ್ಟದ ಮೇಲೆ ಸುರಿದು, ಬರಿಗೈಯಲ್ಲಿ ನಮ್ಮಲ್ಲಿಗೆ ಬರುತ್ತದೆ. ಕಾರವಾರದಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ. ನಮ್ಮಲ್ಲಿ ಸುಮಾರು ೬೦೦. ಆದುದರಿಂದ ನಾವು ಸಮುದ್ರದ ನೆಂಟರೇ, ಪಾಲು ಸಿಗದ ನೆಂಟರು.

ಎರಡನೆಯ ತೊಡಕು, ಪರಿಭಾಷೆ, ನಿಜವಾದ ತೊಡಕು. ಆದರೆ ಅದನ್ನು ದಾಟುವ ಉಪಾಯಗಳಿವೆ. ಹಡಗು ಎದುರುಗಾಳಿಗೆ ನೇರವಾಗಿ ಹೋಗಲಾರದು. ಚೌಕ ಪಟಗಳ ಹಡಗಂತೂ ಗಾಳಿಯ ಕಡೆಗೆ ಬಹಳ ಓರೆಯಾಗಿಯೇ ಸಾಗಬೇಕು. ತುಂಬಿದ ಚಕ್ಕಡಿ ಕಡಿದಾದ ದಿನ್ನೆಯನ್ನು ಆ ಮಗ್ಗುಲು ಈ ಮಗ್ಗುಲು ತಿರುಗುತ್ತ ಏರುವುದನ್ನು ಕಂಡವನಿಗೆ ಇಷ್ಟು ಹೇಳಿದರೆ ಸಾಕು. ದೂರದ ಹಡಗಿನ ಒಡಲು ಕಾಣದೆ ಕೂವೆಯ ತುದಿ ಮಾತ್ರ ಮೊದಲು ಕಾಣುವುದೇಕೆಂದು ಒಬ್ಬ ಹುಡುಗ ಕೇಳಿದಾಗ, ನೀನು ಬೆಳಿಗ್ಗೆ ಬಸ್ಸಿನಲ್ಲಿ ಬರುವಾಗ ಮೊದಲು ಕಾಣುವುದೇನು ಎಂದು ಕೇಳಿದೆ. ಗೋಳಗುಮ್ಮಟದ ನೆತ್ತಿ, ಆಮೇಲೆ ಗೋಡೆ, ಆಮೇಲೆ ಊರು ಎಂದ. ಅಲ್ಲಿಗೆ ಆ ಪಾಠ ಮುಗಿಯಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದ ಹಡಗಿನ ಕಾದಂಬರಿ ಜೋಸೆಫ್ ಕಾನ್ರಾಡನ 'ನಾರ್ಸಿಸಸ್' ಹಡಗಿನ ಕಥೆ. ೧೮೯೭ರಲ್ಲಿ ಪ್ರಕಟವಾದುದು. ಅದರ ಪೂರ್ಣ ಹೆಸರಿನಲ್ಲಿ ಕಪ್ಪುಜನರನ್ನು ಹೀನೈಸುವ ಶಬ್ದವೊಂದಿದೆ. ಅದನ್ನು ನಾನು ತರಗತಿಯಲ್ಲಿಯೂ ಉಚ್ಚರಿಸುವುದಿಲ್ಲ, ಇಲ್ಲಿಯೂ ಉಚ್ಚರಿಸುವುದಿಲ್ಲ. ಅಮೆರಿಕದ ಪ್ರಕಾಶಕರು ಆಗಲೇ ಆ ಹೆಸರನ್ನು ಬದಲಾಯಿಸಿದ್ದರು. ಕಾನ್ರಾಡನು ೧೮೫೭ರಲ್ಲಿ ಹುಟ್ಟಿದ ಪೋಲಿಷ್ ಮನೆತನದವನು. ಹದಿನೇಳನೆಯ ವರ್ಷಕ್ಕೆ ಕಡಲಿಗೆ ಹೋದವನು. ಇಂಗ್ಲಿಷನ್ನು ಇಪ್ಪತ್ತು ದಾಟಿದ ಮೇಲೆ ಕಲಿತವನು. ಇಂಗ್ಲಿಷು ಕಷ್ಟವೆಂದು ಗೋಳಿಡುವ ವಿದ್ಯಾರ್ಥಿಗಳಿಗೆ ಈ ವಿಷಯವನ್ನು ಪ್ರತಿವರ್ಷವೂ ಹೇಳುತ್ತೇನೆ. ಅವರಿಗೇನೂ ಸಮಾಧಾನವಾದಂತೆ ಕಾಣುವುದಿಲ್ಲ.

೧೮೮೪ರ ಏಪ್ರಿಲಿನಲ್ಲಿ ಅವನು ಮದರಾಸಿನಲ್ಲಿ ಒಂದು ಹಡಗಿನ ಕೆಲಸ ಬಿಟ್ಟು, ರೈಲು ಹತ್ತಿ ಮುಂಬಯಿಗೆ ಬಂದು, ನಾರ್ಸಿಸಸ್ ಎಂಬ ನಿಜವಾದ ಹಾಯಿಹಡಗಿನಲ್ಲಿ ಅಧಿಕಾರಿಯಾಗಿ ಸೇರಿ ಯುರೋಪಿಗೆ ಹೋದನು. ಆ ಕಾಲದ ಮದರಾಸು-ಮುಂಬಯಿ ರೈಲುದಾರಿ ರಾಯಚೂರು, ವಾಡಿ, ಕಲಬುರ್ಗಿ, ಸೊಲ್ಲಾಪುರಗಳ ಮೇಲೆ ಹೋಗುತ್ತಿತ್ತು. ಆಗ ಅವನಿಗೆ ೨೬ ವರ್ಷ. ಏಪ್ರಿಲಿನ ಬಿಸಿಲಿನಲ್ಲಿ ಬಿರಿದ ಎರೆಭೂಮಿಯನ್ನು ಕಿಟಕಿಯಿಂದ ನೋಡಿಯೇ ಇರಬೇಕು. ಇಂಗ್ಲಿಷಿನ ಕಡಲ ಕಾದಂಬರಿಗಳಲ್ಲಿ ಅತ್ಯುತ್ತಮವಾದುದರ ಬೀಜ ಹೊತ್ತವನು ಕನ್ನಡನಾಡಿನ ಅತ್ಯಂತ ಒಣಸೀಮೆಯನ್ನು ಹಾದುಹೋದನೆಂಬುದು ನನಗೆ ಎಂದಿಗೂ ಸಂತೋಷ ಕೊಡುವ ವಿಷಯ.

ಕಥೆ ಮುಂಬಯಿ ಬಂದರಿನಲ್ಲಿ ಆರಂಭವಾಗುತ್ತದೆ. ಹಡಗು ಲಂಡನ್ನಿಗೆ ಹೊರಡಬೇಕು. ನಾವಿಕರಲ್ಲಿ ಜೇಮ್ಸ್ ವೇಟ್ ಎಂಬ ಕರಿಯನೊಬ್ಬನು ಎಲ್ಲರಿಗಿಂತ ಕೊನೆಗೆ ಬಂದು ಹತ್ತುತ್ತಾನೆ. ಅವನಿಗೆ ಕ್ಷಯವೋ, ಅಥವಾ ಕೆಲಸಗಳ್ಳತನದ ನಟನೆಯೋ ಯಾರಿಗೂ ಖಚಿತವಿಲ್ಲ; ಕೊನೆಕೊನೆಗೆ ಅವನಿಗೂ ಖಚಿತವಿಲ್ಲ. ಅವನನ್ನು ಕನಿಕರಿಸಬೇಕೆ, ಶಪಿಸಬೇಕೆ ಎಂಬ ಸಂಕಟದಲ್ಲಿ ಇಡೀ ಹಡಗು ಸಿಕ್ಕಿಕೊಳ್ಳುತ್ತದೆ. ಡಾಂಕಿನ್ ಎಂಬ ಇನ್ನೊಬ್ಬನಿದ್ದಾನೆ: ತನ್ನ ಹಕ್ಕುಗಳನ್ನೆಲ್ಲ ಬಾಯಿಪಾಠ ಬಲ್ಲವನು, ಕೆಲಸ ಒಂದನ್ನೂ ಬಲ್ಲವನಲ್ಲ. ಇವರ ನಡುವೆ ಸಿಂಗಲ್‌ಟನ್ ಎಂಬ ಮುದಿ ನಾವಿಕ, ಮಾತು ಬಹಳ ಕಡಿಮೆ.

ಆಫ್ರಿಕದ ದಕ್ಷಿಣ ತುದಿಯ ಹತ್ತಿರ ಬಿರುಗಾಳಿಗೆ ಸಿಕ್ಕಿ ಹಡಗು ಪಕ್ಕಕ್ಕೆ ಮಲಗಿಬಿಡುತ್ತದೆ. ಕೂವೆಮರಗಳನ್ನು ಕಡಿದುಹಾಕಿದರೆ ಭಾರ ಕಳೆದು ಹಡಗು ನೆಟ್ಟಗಾದೀತು; ಜನ ಬದುಕಿಯಾರು. ಕಡಿಯಿರಿ ಎಂದು ನಾವಿಕರು ಕೂಗುತ್ತಾರೆ. ಕಪ್ತಾನ ಆಲಿಸ್ಟನ್ ಒಪ್ಪುವುದಿಲ್ಲ. ಹಗಲೂ ರಾತ್ರಿಯೂ ಅವರೆಲ್ಲ ಮಲಗಿದ ಹಡಗಿನ ಮಗ್ಗುಲಿಗೆ ಹಗ್ಗ ಬಿಗಿದುಕೊಂಡು ನೇತಾಡುತ್ತಾರೆ. ಆ ಸ್ಥಿತಿಯಲ್ಲಿಯೇ ಐದು ಜನ ತೆವಳಿಕೊಂಡು ಹೋಗಿ, ಕೋಣೆಯಲ್ಲಿ ಸಿಕ್ಕಿಬಿದ್ದ ವೇಟನನ್ನು ಹಲಗೆ ಒಡೆದು ಹೊರಗೆಳೆಯುತ್ತಾರೆ. ಎಳೆಯುವಾಗಲೂ ಅವನನ್ನು ದ್ವೇಷಿಸುತ್ತಲೇ ಇರುತ್ತಾರೆ. ಅಡಿಗೆಯವನು ಹೇಗೋ ಕಾಫಿ ಕಾಸುತ್ತಾನೆ. ಮುದುಕ ಸಿಂಗಲ್‌ಟನ್ ಒಂದು ಹಗಲು ಒಂದು ರಾತ್ರಿಗೂ ಮಿಕ್ಕಿ ಚುಕ್ಕಾಣಿಯ ಚಕ್ರ ಬಿಡದೆ ನಿಲ್ಲುತ್ತಾನೆ.

ಇದನ್ನು ಓದುವಾಗ ತರಗತಿಯಲ್ಲಿ ಒಂದು ಚರ್ಚೆ ಎದ್ದಿತು. ಕಪ್ತಾನನು ಕ್ರೂರಿ, ಮಾಲಿಕರ ಸೊತ್ತನ್ನು ಉಳಿಸಲು ಬಡವರ ಪ್ರಾಣ ಒತ್ತೆ ಇಟ್ಟನೆಂದು ಒಬ್ಬಳು ಹೇಳಿದಳು. ಅದು ತಳ್ಳಿಹಾಕತಕ್ಕ ಮಾತಲ್ಲ. ಬಹಳ ಮಂದಿ ವಿಮರ್ಶಕರೂ ಆ ದಾರಿಯಲ್ಲಿ ಯೋಚಿಸಿದ್ದಾರೆ. ಆಗ ಬಬಲೇಶ್ವರದ ಕಡೆಯ ಹುಡುಗನೊಬ್ಬ, ಸಾಮಾನ್ಯವಾಗಿ ಮಾತೇ ಆಡದವನು, "ಸರ, ಕೂವಿ ಕಡಿಯೂದಂದ್ರ ಬರಗಾಲದಾಗ ಎತ್ತು ಮಾರಿದಂಗಲ್ಲೇನ್ರಿ?" ಎಂದ. ಆಮೇಲೆ ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬರ ಬಿದ್ದಾಗ ಮೇವಿಲ್ಲದೆ ಎತ್ತು ಮಾರಿದರೆ ಮನೆಮಂದಿ ಆ ತಿಂಗಳು ಉಣ್ಣಬಹುದು. ಮಳೆ ಬಂದ ದಿನ ನೇಗಿಲು ಹೂಡಲು ಏನೂ ಇರುವುದಿಲ್ಲ. ಮಾರದೆ ಹಿಡಿದುಕೊಂಡರೆ ಎತ್ತೂ ಸಾಯಬಹುದು, ಮನೆಯವರೂ ಸಾಯಬಹುದು. ೧೯೭೨ರ ಬರದಲ್ಲಿ ಈ ಲೆಕ್ಕವನ್ನು ಹಾಕದ ಮನೆ ನಮ್ಮ ಸೀಮೆಯಲ್ಲಿ ಕಡಿಮೆ. ಅದನ್ನು ಹಾಕುವ ಯಜಮಾನನು ಕ್ರೂರಿಯೋ, ಧೀರನೋ, ಬರೀ ಹಟಮಾರಿಯೋ ಎಂಬುದು ಮಳೆ ಬಂದ ಮೇಲೆ ನಿರ್ಣಯವಾಗುತ್ತದೆ. ಕಾನ್ರಾಡನ ಮೇಲೆ ಬಂದಿರುವ ವಿಮರ್ಶೆಗಳನ್ನು ನಾನು ಸಾಕಷ್ಟು ಓದಿದ್ದೇನೆ. ಆ ಹುಡುಗನ ಮಾತಿಗಿಂತ ಹೆಚ್ಚು ಬೆಳಕು ಕೊಟ್ಟದ್ದು ಅವುಗಳಲ್ಲಿ ಕೆಲವೇ.

ಇಷ್ಟು ಹೊಗಳಿದ ಮೇಲೆ ನನ್ನ ದೂರನ್ನೂ ಹೇಳಬೇಕು. ಮುಂಬಯಿಯಲ್ಲಿ ಆರಂಭವಾಗುವ ಈ ಕಾದಂಬರಿಯಲ್ಲಿ ಮುಂಬಯಿಯ ಜನ ಕಾಣಿಸಿಕೊಳ್ಳುವುದು ಒಂದೇ ಕಡೆ: ನಾವಿಕರನ್ನು ದೋಣಿಯಲ್ಲಿ ಕರೆತಂದ ಅಂಬಿಗರು ಕೂಲಿಗಾಗಿ ಕಿರಿಚಾಡುವ ಕೆಲವು ಸಾಲುಗಳಲ್ಲಿ. ಆಣೆಗಳ ಲೆಕ್ಕಕ್ಕೆ ಜಗಳ, ಅರ್ಥವಾಗದ ಗದ್ದಲ. ಅಲ್ಲಿಗೆ ಅವರ ಪಾತ್ರ ಮುಗಿಯಿತು. ಹಡಗಿನೊಳಗಿನ ಪ್ರತಿಯೊಬ್ಬನ ಅಂತರಂಗವನ್ನೂ ಹೊಕ್ಕು ನೋಡಿದ ಕಣ್ಣು ಹಡಗಿನ ಮಗ್ಗುಲಲ್ಲಿದ್ದ ದೋಣಿಗೆ ಇಳಿಯಲಿಲ್ಲ.

ಇದು ಕಾನ್ರಾಡನೊಬ್ಬನ ಮಾತಲ್ಲ. ಹರ್ಮನ್ ಮೆಲ್ವಿಲ್ಲನ 'ಮೋಬಿ ಡಿಕ್' ಅನ್ನು ನೋಡಿರಿ. ೧೮೫೧ರಲ್ಲಿ ಬಂದ ಈ ಮಹಾಗ್ರಂಥ ಬರೆದವನ ಜೀವಿತಕಾಲದಲ್ಲಿ ಮನ್ನಣೆ ಪಡೆಯಲಿಲ್ಲ. ಅವನು ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ೧೯ ವರ್ಷ ನೌಕರಿ ಮಾಡಿದನು. ತನ್ನ ಕಾಲು ಕಿತ್ತ ಬಿಳಿಯ ತಿಮಿಂಗಿಲದ ಮೇಲೆ ಸೇಡು ತೀರಿಸಿಕೊಳ್ಳಲು ಕಪ್ತಾನ ಏಹಬನು ಇಡೀ ಹಡಗನ್ನು ಬಲಿಕೊಡುವ ಕಥೆಯಿದು. ನಡುವೆ ತಿಮಿಂಗಿಲದ ಎಲುಬು, ಎಣ್ಣೆ, ತೊಗಲುಗಳ ಮೇಲೆ ಅಧ್ಯಾಯದ ಮೇಲೆ ಅಧ್ಯಾಯ ಬರುತ್ತದೆ. ಅವನ್ನು ಬಿಟ್ಟು ಓದಿರೆಂದು ಹೇಳುವವರುಂಟು. ಬಿಡಬೇಡಿ. ನಮ್ಮ ಪುರಾಣ ಪ್ರವಚನದಲ್ಲಿ ಶಾಸ್ತ್ರಿಗಳು ಕಥೆಯನ್ನು ನಿಲ್ಲಿಸಿ ಒಂದು ಶಬ್ದದ ಮೇಲೆ ಅರ್ಧ ತಾಸು ಹೇಳುವುದಿಲ್ಲವೆ? ಅದನ್ನು ಕೂತು ಕೇಳಿದವರಿಗೆ ಮೆಲ್ವಿಲ್ಲನು ದೀರ್ಘನೆನ್ನಿಸಲಾರನು. ಆ ಹಡಗಿನಲ್ಲಿ ಜಗತ್ತಿನ ಎಲ್ಲ ಜನಾಂಗದವರೂ ಇದ್ದಾರೆ. ನಡುರಾತ್ರಿ ನಾವಿಕರೆಲ್ಲ ಕುಣಿದು ಕುಡಿದು ನಾಟಕದಂತೆ ಒಬ್ಬೊಬ್ಬರಾಗಿ ಮಾತನಾಡುವ ಅಧ್ಯಾಯವೊಂದುಂಟು. ಅಲ್ಲಿ ನಮ್ಮ ದೇಶದವನೊಬ್ಬನು ಬ್ರಹ್ಮ, ಶಿವ, ಗಂಗೆಯರ ಹೆಸರೆತ್ತಿ ಒಂದು ಮಾತಾಡುತ್ತಾನೆ. ಒಂದೇ ಮಾತು. ಅವನಿಗೆ ಹೆಸರಿಲ್ಲ, 'ಲಾಸ್ಕರ್ ನಾವಿಕ' ಎಂದಷ್ಟೇ ಮೆಲ್ವಿಲ್ಲ ಬರೆಯುತ್ತಾನೆ. ಲಾಸ್ಕರನೆಂದರೆ ಯುರೋಪಿನವರ ಹಡಗುಗಳಲ್ಲಿ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದ ಪೂರ್ವದೇಶಗಳ ನಾವಿಕ. ನಮ್ಮ ಲಷ್ಕರ್ ಶಬ್ದವೇ ಹಾಗಾದುದು.

ಕಾನ್ರಾಡನ 'ಲಾರ್ಡ್ ಜಿಮ್' ೧೯೦೦ರಲ್ಲಿ ಬಂದಿತು. ಅದರಲ್ಲಿಯ ಹಡಗು ಹಾಯಿಯದಲ್ಲ, ಉಗಿಯದು. ಆದರೂ ಅದನ್ನು ಬಿಟ್ಟು ಈ ವಿಷಯ ಪೂರ್ಣವಾಗುವುದಿಲ್ಲ. ಎಂಟು ನೂರು ಮಂದಿ ಮಕ್ಕಾ ಯಾತ್ರಿಕರನ್ನು ಹೊತ್ತ ಪಟ್ನಾ ಎಂಬ ಹಡಗು ರಾತ್ರಿ ಏನಕ್ಕೋ ತಗುಲಿ ತೂತಾಗುತ್ತದೆ. ಯಾತ್ರಿಕರು ಮಲಗಿದ್ದಾರೆ. ಬಿಳಿಯ ಅಧಿಕಾರಿಗಳು ಅವರನ್ನು ಎಬ್ಬಿಸದೆ ದೋಣಿಗೆ ಹಾರಿ ಪಾರಾಗುತ್ತಾರೆ. ಕಥಾನಾಯಕ ಜಿಮ್ ಸಹ ಹಾರುತ್ತಾನೆ. ಹಡಗು ಮುಳುಗುವುದಿಲ್ಲ. ೧೮೮೦ರಲ್ಲಿ 'ಜೆದ್ದಾ' ಎಂಬ ಯಾತ್ರಿಕರ ಹಡಗಿಗೆ ನಿಜವಾಗಿ ಇಂಥದೇ ಗತಿಯಾಗಿತ್ತು. ಅಧಿಕಾರಿಗಳು ಬಿಟ್ಟುಹೋದ ಆ ಹಡಗನ್ನು ಬೇರೊಂದು ಹಡಗು ಏಡನ್ನಿಗೆ ಎಳೆದು ತಂದಿತು. ನಾನೂರು ಪುಟದ ಕಾದಂಬರಿ ಜಿಮ್ಮನ ಆ ಒಂದು ಹಾರಿಕೆಯ ಸುತ್ತ, ಅವನ ಪಶ್ಚಾತ್ತಾಪದ ಸುತ್ತ ಸುತ್ತುತ್ತದೆ. ಅದ್ಭುತವಾದ ಪುಸ್ತಕ, ಇಲ್ಲವೆನ್ನಲಾರೆ. ಆದರೆ ನನ್ನ ಮನಸ್ಸು ಪ್ರತಿಸಲವೂ ಹೋಗಿ ನಿಲ್ಲುವುದು ಬೇರೆ ಇಬ್ಬರ ಬಳಿ. ಅಧಿಕಾರಿಗಳೆಲ್ಲ ಹಾರಿದ ಮೇಲೂ ಇಬ್ಬರು ಮಲಯದ ಚುಕ್ಕಾಣಿಗರು ಚಕ್ರ ಬಿಡದೆ ನಿಂತಿದ್ದರು. ವಿಚಾರಣೆಯಲ್ಲಿ ಅವರನ್ನು ಕೇಳುತ್ತಾರೆ, ನೀವೇನೆಂದು ಯೋಚಿಸಿದಿರಿ ಎಂದು. ಬಿಳಿಯರು ಸಾವಿಗೆ ಹೆದರಿ ಹಡಗು ಬಿಡುತ್ತಾರೆಂಬುದು ತನಗೆ ಹೊಳೆಯಲೇ ಇಲ್ಲವೆಂದು ಮುದುಕನು ಹೇಳುತ್ತಾನೆ. ಆಮೇಲೆ ತಾನು ದುಡಿದ ಹಡಗುಗಳ ಹೆಸರು, ಸತ್ತುಹೋದ ಕಪ್ತಾನರ ಹೆಸರು, ಒಂದಾದ ಮೇಲೊಂದು ಹೇಳುತ್ತ ಹೋಗುತ್ತಾನೆ, ಅವರು ತಡೆಯುವವರೆಗೆ. ಅವನು ಅಷ್ಟು ಹೆಸರು ಹೇಳಿದನು. ಅವನ ಹೆಸರನ್ನು ಕಾದಂಬರಿ ಹೇಳುವುದಿಲ್ಲ.

ಮಾರಿಯಟ್ಟನ, ಸ್ಟೀವನ್‌ಸನ್ನನ ಪುಸ್ತಕಗಳನ್ನು ಬಾಲ್ಯದಲ್ಲಿ ಓದಿದವರು ತಮ್ಮಲ್ಲಿ ಬಹಳ ಮಂದಿ ಇರಬಹುದು. 'ಟ್ರೆಷರ್ ಐಲೆಂಡ್' ೧೮೮೩ರಲ್ಲಿ ಪುಸ್ತಕವಾಯಿತು. ಅದರಲ್ಲಿ ಕಡಲಿಗಿಂತ ದ್ವೀಪವೇ ಹೆಚ್ಚು. ಅವನ್ನು ಹೊಗಳುವ ಅಗತ್ಯವಿಲ್ಲ, ಮಕ್ಕಳು ಆ ಕೆಲಸ ಮಾಡುತ್ತಿದ್ದಾರೆ.

ಪ್ಯಾಟ್ರಿಕ್ ಓಬ್ರಿಯನ್ನನ ವಿಷಯ ಬೇರೆ. ೧೯೬೯ರಲ್ಲಿ 'ಮಾಸ್ಟರ್ ಅಂಡ್ ಕಮಾಂಡರ್' ಎಂಬುದರಿಂದ ತೊಡಗಿ, ನೆಪೋಲಿಯನ್ನನ ಕಾಲದ ಯುದ್ಧನೌಕೆಗಳ ಮೇಲೆ ಅವನು ಇಪ್ಪತ್ತು ಕಾದಂಬರಿಗಳನ್ನು ಪೂರ್ಣವಾಗಿ ಬರೆದನು. ಕಪ್ತಾನ ಜಾಕ್ ಆಬ್ರಿ, ವೈದ್ಯ ಸ್ಟೀಫನ್ ಮ್ಯಾಟುರಿನ್ ಇವರಿಬ್ಬರ ಸ್ನೇಹವೇ ಇಪ್ಪತ್ತನ್ನೂ ಹೊಲಿದಿರುವ ದಾರ. ಮೊದಲ ಪುಟದಲ್ಲಿ ಇಬ್ಬರೂ ಒಂದು ಸಂಗೀತ ಕಚೇರಿಯಲ್ಲಿ ಅಕ್ಕಪಕ್ಕ ಕುಳಿತಿದ್ದಾರೆ. ಒಬ್ಬನು ತಾಳ ಹಾಕಿದ್ದು ಇನ್ನೊಬ್ಬನಿಗೆ ಸಹಿಸದೆ ಜಗಳ. ನಮ್ಮ ಸಭೆಗಳಲ್ಲಿಯೂ ಆಗತಕ್ಕದ್ದೇ. ಮುಂದೆ ರಾತ್ರಿಗಳಲ್ಲಿ ಇಬ್ಬರೂ ಹಡಗಿನ ಕೋಣೆಯಲ್ಲಿ ಕುಳಿತು ಒಬ್ಬ ಪಿಟೀಲು, ಇನ್ನೊಬ್ಬ ಚೆಲ್ಲೋ ನುಡಿಸುತ್ತಾರೆ. ಪರಿಭಾಷೆಗೆ ಹೆದರುವವರು ಇಲ್ಲಿಂದಲೇ ಆರಂಭಿಸಬಹುದು. ವೈದ್ಯನಿಗೂ ಹಡಗಿನ ಹಗ್ಗ ಯಾವುದು, ಮರ ಯಾವುದು ತಿಳಿಯದು. 'ಸೋಫಿ' ಎಂಬ ಆ ಹಡಗಿನವರು ಅವನಿಗೆ ತಿಳಿಹೇಳುವ ನೆವದಲ್ಲಿ ನಮಗೂ ಹೇಳುತ್ತಾರೆ. ಹೇಳಿದ ಮೇಲೂ ಅವನಿಗೆ ಪೂರಾ ತಿಳಿಯುವುದಿಲ್ಲವೆಂಬುದು ನಮಗೆ ಧೈರ್ಯ.

೧೯೭೩ರಲ್ಲಿ ಬಂದ ಅದೇ ಮಾಲೆಯ ಮೂರನೆಯ ಪುಸ್ತಕ 'ಸರ್‌ಪ್ರೈಸ್' ಹಡಗಿನ ಹೆಸರನ್ನು ಹೊತ್ತಿದೆ. ಅದರಲ್ಲಿ ಮ್ಯಾಟುರಿನ್ನನು ಮುಂಬಯಿಗೆ ಬರುತ್ತಾನೆ. ಬೀದಿಯಲ್ಲಿ ದಿಲ್ ಎಂಬ ಒಬ್ಬ ಬಡ ಹುಡುಗಿ ಅವನ ಜೊತೆಯಾಗುತ್ತಾಳೆ. ಊರನ್ನೆಲ್ಲ ತೋರಿಸುತ್ತಾಳೆ, ಅವನ ಪೆದ್ದುತನಕ್ಕೆ ಗದರುತ್ತಾಳೆ. ಅವಳಿಗೆ ಬೆಳ್ಳಿಯ ಬಳೆಗಳ ಆಸೆ. ಅವನು ಕೊಡಿಸುತ್ತಾನೆ. ಆ ಬಳೆಗಳಿಗಾಗಿಯೇ ಯಾರೋ ಅವಳನ್ನು ಕೊಲ್ಲುತ್ತಾರೆ. ಪ್ರೀತಿಯಿಂದ ಕೊಟ್ಟದ್ದು ಕೊಂದಿತು. ಇಂಗ್ಲಿಷಿನ ಕಡಲ ಕಾದಂಬರಿ ನಮ್ಮ ದಡದ ಒಂದು ಜೀವಕ್ಕೆ ಹೆಸರು ಕೊಟ್ಟು, ಮಾತು ಕೊಟ್ಟು, ಅದರ ಸಾವಿಗೆ ನಾಯಕನನ್ನು ಅಳಿಸಿದ್ದನ್ನು ನಾನು ಕಂಡದ್ದು ಮೊದಲು ಇಲ್ಲಿ. ಆದರೂ ಅವಳು ದಡದವಳು. ಹಡಗು ಅವಳನ್ನು ಬಿಟ್ಟು ಮುಂದೆ ಹೋಗುತ್ತದೆ.

ಹೆಸರಿಲ್ಲದ ಲಾಸ್ಕರನಿಗೆ ಹೆಸರು ಬಂದದ್ದು ೨೦೦೮ರಲ್ಲಿ, ಅಮಿತಾವ ಘೋಷರ 'ಸೀ ಆಫ್ ಪಾಪೀಸ್' ಕಾದಂಬರಿಯಲ್ಲಿ. ೧೮೩೮ರಲ್ಲಿ ಐಬಿಸ್ ಎಂಬ ಹಾಯಿಹಡಗು ಕೂಲಿಯಾಳುಗಳನ್ನೂ ಕೈದಿಗಳನ್ನೂ ತುಂಬಿಕೊಂಡು ಕಲಕತ್ತೆಯಿಂದ ಮಾರಿಷಸ್ಸಿಗೆ ಹೊರಡುತ್ತದೆ. ಇಲ್ಲಿ ಹಡಗನ್ನು ನಿಜವಾಗಿ ನಡೆಸುವವನು ಸಾರಂಗ ಅಲಿ. ಜೋದು ಎಂಬ ಅಂಬಿಗರ ಹುಡುಗ ಕೂವೆಯೇರಲು ಕಲಿಯುತ್ತಾನೆ. ಲಾಸ್ಕರರು ಆಡುವ ಭಾಷೆಯನ್ನು, ಎಂದರೆ ಹಿಂದೂಸ್ತಾನಿ, ಪೋರ್ತುಗೀಸು, ಅರಬ್ಬಿ, ಮಲಯ, ಇಂಗ್ಲಿಷುಗಳೆಲ್ಲ ಕಲಸಿದ ಒಂದು ಹಡಗುಭಾಷೆಯನ್ನು, ಘೋಷರು ಸಂಕೋಚವಿಲ್ಲದೆ ಪುಟದ ತುಂಬ ಹರಿಯಬಿಟ್ಟಿದ್ದಾರೆ. ಇದು ಕಟ್ಟಿದ ಭಾಷೆಯಲ್ಲ. ಥಾಮಸ್ ರೋಬಕ್ ಎಂಬ ಬ್ರಿಟಿಷ್ ಅಧಿಕಾರಿ ೧೮೧೧ರಲ್ಲಿಯೇ ಕಲಕತ್ತೆಯಲ್ಲಿ ಇದರ ನಿಘಂಟನ್ನು ಅಚ್ಚು ಹಾಕಿಸಿದ್ದನು, ಕಪ್ತಾನರು ಆಜ್ಞೆ ಕೊಡಲು ಅನುಕೂಲವಾಗಲೆಂದು. ಕಾದಂಬರಿಯೆಂದು ನೋಡಿದರೆ ಇದರಲ್ಲಿ ಕೊರತೆಗಳುಂಟು. ಕಾಕತಾಳೀಯಗಳು ಹೆಚ್ಚು, ಕೆಲವು ಬಿಳಿಯರು ಬರೀ ಖಳರು. ಕಾನ್ರಾಡನ ಆಳ ಇಲ್ಲಿ ಇಲ್ಲ. ಆದರೆ ಕಾನ್ರಾಡನು ಇಳಿಯದ ದೋಣಿಗೆ ಇವರು ಇಳಿದಿದ್ದಾರೆ.

ಆ ಹಡಗುಭಾಷೆಯಲ್ಲಿ ಸಾರಂಗನ ಕೈಕೆಳಗಿನವನಿಗೆ ಟಿಂಡಲ್ ಎಂದು ಹೆಸರು. ಇಂಗ್ಲಿಷಿನವರ ಬಾಯಲ್ಲಿ ಹಾಗಾದ ಈ ಶಬ್ದ ನಮ್ಮ ತಾಂಡೇಲ. ಉತ್ತರ ಕನ್ನಡದ ಕರಾವಳಿಯಲ್ಲಿ ಇಂದಿಗೂ ತಾಂಡೇಲ ಎಂಬುದು ಅಡ್ಡಹೆಸರು. ನಮ್ಮ ಕಾಲೇಜುಗಳ ಹಾಜರಿಪುಸ್ತಕದಲ್ಲಿ ಆ ಹೆಸರು ಬಂದರೆ, ಅದು ಸಾಗರಗಳನ್ನು ದಾಟಿದ ಒಂದು ಹುದ್ದೆಯೆಂದು ಎಷ್ಟು ಮಂದಿ ಮೇಷ್ಟರಿಗೆ ಹೊಳೆದೀತು?

ಇದರಿಂದ ನನಗೆ ಬಹುಕಾಲದಿಂದ ಇರುವ ಒಂದು ಚಿಂತೆಗೆ ಬರುತ್ತೇನೆ. ಗುಜರಾತಿಯವರಿಗೆ ೧೯೩೮ರಲ್ಲಿಯೇ ಗುಣವಂತರಾಯ ಆಚಾರ್ಯರ 'ದರಿಯಾಲಾಲ' ಬಂದಿತು: ಜಂಜಿಬಾರದ ಗುಜರಾತಿ ವರ್ತಕರು, ಗುಲಾಮರ ವ್ಯಾಪಾರ, ಕಡಲು. ನಮಗೆ? ನಮ್ಮ ಸಾಹಿತ್ಯದಲ್ಲಿ ದೋಣಿಗೆ ಕೊರತೆಯಿಲ್ಲ. ಅಂಬಿಗರ ಚೌಡಯ್ಯನಿಂದ ಹಿಡಿದು ದಾಸರವರೆಗೆ ಎಲ್ಲರೂ ದೋಣಿ ನಡೆಸಿದ್ದಾರೆ. ಆದರೆ ಅದು ಸಂಸಾರಸಾಗರವನ್ನು ದಾಟಿಸುವ ದೋಣಿ. ಅದಕ್ಕೆ ಮೆಣಸಿನ ಚೀಲ ತುಂಬಲು ಬರುವುದಿಲ್ಲ. ೧೯೪೧ರಲ್ಲಿ ಪ್ರಕಟವಾದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಡಲ ಅಂಚಿನ ಕಾದಂಬರಿ. ಕೋಡಿಯ ಐತಾಳರ ಮನೆಯಲ್ಲಿ ಕಡಲ ಮೊರೆತ ಕೇಳಿಸದ ಪುಟವೇ ಇಲ್ಲವೆನ್ನಬಹುದು. ಅದಕ್ಕಿಂತ ದೊಡ್ಡ ಕಾದಂಬರಿಯನ್ನು ನಾನು ಕನ್ನಡದಲ್ಲಿ ಹೆಚ್ಚು ಕಂಡಿಲ್ಲ. ಆದರೆ ಅದರ ಹೆಸರೇ ಹೇಳುವಂತೆ ಅದರ ಮುಖ ಮಣ್ಣಿನ ಕಡೆಗೆ. ಅದು ದೋಷವಲ್ಲ, ಆ ಮನೆಯವರು ಮಣ್ಣಿನವರು. ಅವರ ನೆರೆಯಲ್ಲಿಯೇ ಕಡಲಿಗೆ ಹೋದ ಮನೆಗಳಿದ್ದವು. ಮಂಗಳೂರಿನ ಹೆಂಚನ್ನು ಪತ್ತೆಮಾರಿಗಳಲ್ಲಿ ತುಂಬಿ ಊರೂರಿಗೆ ಒಯ್ದವರಿದ್ದರು. ಆ ಮನೆಗಳಿಗೆ ಸಲ್ಲಬೇಕಾದ ಕಾದಂಬರಿ ಕನ್ನಡದಲ್ಲಿ ಅದೇ ಪ್ರಮಾಣದಲ್ಲಿ ಸಂದಿಲ್ಲ.

ಬರೆಯಲು ಅವಸರವೇನು ಎಂದು ಕೇಳಬಹುದು. ಶಬ್ದಗಳ ಅವಸರ. ಹಾಯಿ, ಕೂವೆ, ಚುಕ್ಕಾಣಿ, ಲಂಗರು ಇವು ಹೇಗೋ ಉಳಿದಾವು, ರಾಜಕೀಯ ಭಾಷಣಗಳಲ್ಲಿಯಾದರೂ. ಮಂಜಿ, ಮಚವೆ, ಪತ್ತೆಮಾರಿ ಎಂದರೆ ಬೇರೆಬೇರೆ ನಾವೆಗಳೆಂಬುದನ್ನು ಇನ್ನು ಎಷ್ಟು ದಿನ ಜನ ಬಲ್ಲರು? ಮಂಗಳೂರಿನ ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿಗೆ ಯಂತ್ರ ಬಂದು ಎಷ್ಟೋ ಕಾಲವಾಯಿತು. ಹಾಯಿ ಬಿಚ್ಚುವಾಗ ಏನೆಂದು ಕೂಗುತ್ತಿದ್ದರು, ಗಾಳಿ ತಿರುಗಿದರೆ ಯಾವ ಹಗ್ಗ ಸಡಿಲಿಸುತ್ತಿದ್ದರು ಎಂಬುದು ಬಲ್ಲವರೊಂದಿಗೆ ಹೋಗಿಬಿಡುತ್ತದೆ. ರೋಬಕ್ಕನು ಆಜ್ಞೆ ಕೊಡಲೆಂದು ಸಂಗ್ರಹಿಸಿದ ನಿಘಂಟು ಇನ್ನೂರು ವರ್ಷದ ಮೇಲೆ ಒಂದು ಕಾದಂಬರಿಯನ್ನು ಬೆಳೆಸಿತು. ನಮ್ಮಲ್ಲಿ ನಿಘಂಟೂ ಬರದೆ ಹೋದರೆ ಬೆಳೆಯುವುದೇನು? ೨೦೨೫ರ ಮೇ ೨೧ರಂದು, ಅಜಂತೆಯ ಚಿತ್ರವೊಂದನ್ನು ನೋಡಿ, ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ 'ಕೌಂಡಿನ್ಯ' ಎಂಬ ಹಾಯಿಹಡಗು ಕಾರವಾರದಲ್ಲಿ ನೌಕಾಪಡೆಗೆ ಸೇರಿತು. ಹಡಗನ್ನು ಚಿತ್ರ ನೋಡಿ ಮತ್ತೆ ಕಟ್ಟಬಹುದು. ಮಾತನ್ನು ಯಾವ ಚಿತ್ರ ನೋಡಿ ಕಟ್ಟುವುದು?

ಕಾದಂಬರಿಕಾರರು ಕರಾವಳಿಯಲ್ಲಿಯೇ ಹುಟ್ಟಬೇಕೆಂದೇನೂ ಇಲ್ಲ. ಕಾನ್ರಾಡನು ಹುಟ್ಟಿದ ಊರಿನಿಂದಲೂ ಕಡಲು ಬಹಳ ದೂರ. ಅಲ್ಮೇಡನ ಹಡಗುಗಳು ದಾಭೋಳಕ್ಕೆ ಬಂದ ದಿನ ಬಂದರಿನಲ್ಲಿ ಲಂಗರು ಹಾಕಿದ್ದ ಕುದುರೆಯ ಹಡಗೊಂದರ ತಾಂಡೇಲನು ಏನು ಕಂಡನು, ಆ ಸುದ್ದಿ ಘಟ್ಟ ಹತ್ತಿ ಈ ಕೋಟೆಯ ಬಾಗಿಲಿಗೆ ಹೇಗೆ ಬಂದಿತು, ಅದನ್ನು ಬರೆಯುವವನು ತಿಕೋಟಾದವನಾದರೂ ಆಗಬಹುದು. ಗಾಳಿ, ಕಾಯುವಿಕೆ, ಎತ್ತು ಮಾರಬೇಕೋ ಬೇಡವೋ ಎಂಬ ಲೆಕ್ಕ, ಇವು ಅವನಿಗೆ ಗೊತ್ತು. ಉಳಿದದ್ದಕ್ಕೆ ಆರು ತಿಂಗಳು ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಇದ್ದು ಮುದುಕರ ಬಳಿ ಕುಳಿತು ಬರಬೇಕು.

ಈ ಪುಸ್ತಕಗಳಲ್ಲಿ ಯಾವುದರಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಸೂಚನೆ ಕಾನ್ರಾಡನ 'ಯೂತ್'. ಕಾದಂಬರಿಯೆನ್ನುವುದಕ್ಕಿಂತ ನೀಳ್ಗತೆ. ಮುದಿಯಾದ ಹಡಗೊಂದು ಕಲ್ಲಿದ್ದಲು ತುಂಬಿಕೊಂಡು ಬ್ಯಾಂಕಾಕಿಗೆ ಹೊರಡುತ್ತದೆ. ಸೋರುತ್ತದೆ, ಹಿಂತಿರುಗುತ್ತದೆ, ಮತ್ತೆ ಹೊರಡುತ್ತದೆ, ಕೊನೆಗೆ ಒಡಲೊಳಗಿನ ಕಲ್ಲಿದ್ದಲು ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟೆಲ್ಲ ಅನರ್ಥದ ನಡುವೆ ಇಪ್ಪತ್ತು ವರ್ಷದ ತರುಣನಿಗೆ ಸಂತೋಷವೋ ಸಂತೋಷ. ವಿಜಯಪುರದಲ್ಲಿ ಸೊಲ್ಲಾಪುರದ ರೈಲು ಹತ್ತಿ ಓದಲು ತೊಡಗಿದರೆ ಹೋಟಗಿ ಬರುವಷ್ಟರಲ್ಲಿ ಮುಗಿಯುತ್ತದೆ. ನಮ್ಮ ದಾರಿ ಅಲ್ಲಿ ದೊಡ್ಡ ದಾರಿಯನ್ನು ಸೇರುತ್ತದೆ. ೧೮೮೪ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಗುವವರು ಹಾದುಹೋಗುತ್ತಿದ್ದುದು ಆ ದಾರಿಯನ್ನೇ.